ಸೂಗಮ್ಮನ ಸಾಯುವ ತಾಲೀಮು

ಸ್ಟೇಶನ್ ಬಜಾರಿನ ಖಾನಾವಳಿಯ ಸೂಗಮ್ಮ ನಿಜವಾಗಿ ಸಾಯುವ ಮೊದಲು ಮೂರು ಸಲ ಸತ್ತು ನೋಡಿದ್ದಳು. ಜನ ಆಡಿಕೊಂಡು ನಕ್ಕರು. ನಗುವವರಿಗೇನು, ಅವರ ಮನೆಯಲ್ಲಿ ನೀಲಕಂಠ ಇರಲಿಲ್ಲ.

ನೀಲಕಂಠ ಅವಳ ಮೈದುನ. ಆಳು ಆರಡಿ, ಬಾವಿಯಿಂದ ಎರಡು ಕೊಡ ನೀರನ್ನು ಒಟ್ಟಿಗೇ ಹೊತ್ತು ತರುವ ರಟ್ಟೆ. ಬುದ್ಧಿ ಮಾತ್ರ ಮೂರು ವರ್ಷದ ಕೂಸಿನದು. ಸೂಗಮ್ಮ ಕಮಲಾಪುರದಿಂದ ಸೊಸೆಯಾಗಿ ಬಂದ ವರ್ಷವೇ ಅತ್ತೆ ವಾಂತಿಭೇದಿಯಲ್ಲಿ ಹೋದಳು. ಹೋಗುವಾಗ ಇನ್ನೂ ಹಲ್ಲು ಪೂರ್ತಿ ಬಾರದ ಆ ಕೂಸನ್ನು ಹದಿನಾಲ್ಕರ ಸೊಸೆಯ ಮಡಿಲಿಗೆ ಹಾಕಿದಳು. ನಾಲ್ಕು ವರ್ಷಕ್ಕೆ ಗಂಡನೂ ತೀರಿಕೊಂಡ. ತವರಿಗೆ ಬಾ ಎಂದು ಅಣ್ಣ ಮಾಣಿಕಪ್ಪ ಚಕ್ಕಡಿ ಕಟ್ಟಿಕೊಂಡು ಬಂದ. ನೀಲಕಂಠನಿಗೆ ಆ ಮನೆ, ಆ ಬಾವಿ ಬಿಟ್ಟರೆ ಬೇರೆಲ್ಲೂ ನಿದ್ದೆ ಹತ್ತುತ್ತಿರಲಿಲ್ಲ. ಹಾಗಾಗಿ ಇವಳೂ ಹೋಗಲಿಲ್ಲ. ರೈಲ್ವೆಯವರಿಗೆ ರೊಟ್ಟಿ ಬಡಿದು ಹಾಕುತ್ತ ಅವನನ್ನು ಸಾಕಿದಳು.

ಅವನಿಗೆ ಬರುತ್ತಿದ್ದುದು ನಾಲ್ಕೋ ಐದೋ ಮಾತು. ಮೊದಲನೆಯದು 'ವೈನಿ', ಅಂದರೆ ಅತ್ತಿಗೆ. ಊಟಕ್ಕೆ ಅವಳ ಕೈಯೇ ಬೇಕು. ಬೇರೆಯವರು ಕೊಟ್ಟರೆ ಬಾಯಿ ಬಿಗಿಯುತ್ತಿದ್ದ, ತಾನಾಗಿ ಎತ್ತಿಕೊಂಡು ತಿನ್ನುತ್ತಲೂ ಇರಲಿಲ್ಲ. ಇದನ್ನು ಸೂಗಮ್ಮ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಪ್ಲೇಗು ಬಂದ ವರ್ಷ ಆ ಹೆಮ್ಮೆ ಇಳಿಯಿತು. ಪಕ್ಕದ ಮನೆಯ ಶಿವಕಾಂತಮ್ಮ ಮುಂಜಾನೆ ಎಮ್ಮೆ ಹಿಂಡಿದವಳು ಮರುದಿನ ಸಂಜೆಗೆ ಇರಲಿಲ್ಲ. ಅವಳ ಎಮ್ಮೆ ಯಾರಿಗೂ ಕೆಚ್ಚಲು ಮುಟ್ಟಗೊಡದೆ ಮೂರು ದಿನ ಒದರಿತು. ಅದನ್ನು ಕೇಳುತ್ತ ರೊಟ್ಟಿ ಬಡಿಯುತ್ತಿದ್ದ ಸೂಗಮ್ಮ ತಲೆ ಎತ್ತಿ ಮೈದುನನನ್ನು ನೋಡಿದಳು.

ಬೇರೆಯವರಾಗಿದ್ದರೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದರು. ಇವಳು ಪ್ಲೇಗು ಇಳಿದದ್ದೇ ತಡ, ಮಾಣಿಕಪ್ಪನ ಮಗಳು, ಗಂಡ ಸತ್ತು ತವರಲ್ಲಿದ್ದ ಜಯದೇವಿಯನ್ನು ಕರೆಸಿಕೊಂಡಳು. ಯಾವ ಗಡಿಗೆಯಲ್ಲಿ ಏನಿದೆ, ಹಲ್ಲಿಲ್ಲದ ಯಾವ ಮುದುಕನಿಗೆ ಮೆತ್ತನೆ ರೊಟ್ಟಿ ಕೊಡಬೇಕು, ಎಲ್ಲ ತೋರಿಸಿದಳು. ನೀಲಕಂಠನ ಊಟದ ಪಾಠವನ್ನಂತೂ ದಿನಕ್ಕೆರಡು ಸಲ ಹೇಳಿದಳು. ತಿಂಗಳಾದ ಮೇಲೆ ಒಂದು ಮುಂಜಾನೆ ಗಂಟು ಕಟ್ಟಿದಳು.

"ಇವತ್ತಿಂದ ನಾ ಸತ್ತೀನಂತ ತಿಳಕೋ. ಕಮಲಾಪುರಕ್ಕ ಹೊಂಟೀನಿ. ಏನೇ ಆದ್ರೂ ಹೇಳಿ ಕಳಸಬ್ಯಾಡ. ಸತ್ತಾಕಿ ಕರದ್ರ ಬರ್ತಾಳೇನು?"

"ಬಿಡ್ತು ಅನ್ರಿ ಅತ್ತಿ!" ಎಂದಳು ಜಯದೇವಿ.

"ಅಂದ್ರೂ ಅನ್ನದಿದ್ರೂ ಅದು ಬರೋದ ಅದ. ನೀ ಒಲಿ ಕಡಿ ನೋಡು."

ಮೂರನೆಯ ದಿನ ಹಿಂತಿರುಗಿದಾಗ ಖಾನಾವಳಿ ನಡೆದಿತ್ತು, ನೀಲಕಂಠ ಮಾತ್ರ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಇವಳ ಕೈಯಿಂದ ಏಳು ರೊಟ್ಟಿ ತಿಂದ. ಸೂಗಮ್ಮ ಸೋಲೊಪ್ಪಲಿಲ್ಲ. ರೊಟ್ಟಿ ಬಿಸಿ ಇರಬೇಕು, ನಾಲ್ಕು ತುಂಡು ಮಾಡಬೇಕು, ಶೇಂಗಾ ಚಟ್ನಿಪುಡಿ ಎಡಕ್ಕೆ ಹಾಕಬೇಕು, 'ನೀಲೂ' ಎಂದೇ ಕರೆಯಬೇಕು ಎಂದು ಮತ್ತೆ ತಿದ್ದಿ ತೀಡಿ ಹೇಳಿ ಎರಡನೆಯ ಸಲ ಸತ್ತಳು. ಹಾಗೇ ಮಾಡಿದರೂ ಅವನು ಬಾಯಿ ತೆರೆಯಲಿಲ್ಲ. ಮೂರನೆಯ ದಿನ ಜಯದೇವಿ ಮಾತು ಮುರಿದು ಆಳು ಕಳಿಸಿದಳು.

ಮೂರನೆಯ ಸಲ ಹೊರಡುವಾಗ ಸೂಗಮ್ಮನಿಗೇ ಕಾಲು ಏಳಲಿಲ್ಲ. ಅವನು ಉಪವಾಸ ಬೀಳುತ್ತಾನೆಂದು ಗೊತ್ತು. ಇವತ್ತು ಬಿದ್ದರೆ ತಾನು ಬಂದು ಎಬ್ಬಿಸಬಹುದು, ನಾಳೆ ಬಿದ್ದರೆ ಯಾರು? ಹಲ್ಲು ಕಚ್ಚಿ ಚಕ್ಕಡಿ ಹತ್ತಿದಳು. ಆ ಗಟ್ಟಿತನ ಎಷ್ಟು ಗಂಡಸರಿಗೆ ಇದ್ದೀತು! ಕಮಲಾಪುರದಲ್ಲಿ ಅಣ್ಣನ ಬಾಳೆತೋಟದ ಬದುವಿನ ಮೇಲೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

"ಸತ್ತಾಕಿ ಹಿಂಗ ಚಡಪಡಸ್ತಾಳೇನ ತಂಗಿ?" ಎಂದು ಮಾಣಿಕಪ್ಪ ನಗಿಸಲು ನೋಡಿದ. ಅವಳು ನಗಲಿಲ್ಲ. ಆಳು ಬರಬಹುದೆಂದು ನಾಲ್ಕು ದಿನ ದಾರಿ ಕಾಯ್ದಳು, ಯಾರೂ ಬರಲಿಲ್ಲ. ಐದನೆಯ ದಿನ ತಾನೇ ಹೊರಟಳು.

ಊಟದ ಹೊತ್ತಿಗೆ ಮನೆ ಮುಟ್ಟಿ ಬಾಗಿಲಲ್ಲೇ ನಿಂತಳು. ನೀಲಕಂಠ ಜಯದೇವಿಯ ಕೈಯಿಂದ ತಿನ್ನುತ್ತಿದ್ದ. ಅವನು ವೈನಿಯನ್ನು ನೋಡಿ ನಕ್ಕ, ಮತ್ತೆ ಜಯದೇವಿಯ ಕಡೆಗೇ ಬಾಯಿ ತೆರೆದ. ಸೂಗಮ್ಮನಿಗೆ ಹಿಗ್ಗೂ ಆಯಿತು, ಹೊಟ್ಟೆಯೂ ಉರಿಯಿತು.

"ಏನ್ ಮಾಡ್ದೀ ಜಯಾ?"

ಜಯದೇವಿಯ ಮುಖ ಬಿಳಿಚಿಕೊಂಡಿತು. "ತಪ್ಪಾತು ಅತ್ತಿ. ಇಂವ ಉಣಲಿಲ್ಲಂತ ನನಗೂ ಎರಡು ದಿನ ಊಟ ಹೋಗ್ಲಿಲ್ಲ. ಕಣ್ಣ ಕತ್ತಲಿ ಬಂದು, ಇಂವಗ ಹಿಡಿದ ರೊಟ್ಟಿ ನಾನೇ ಕಡಕೊಂಡೆ. ಇಂವ ನನ್ನ ಕೈ ಜಗ್ಗಿ ಬಾಯಿ ತೆರದ. ಎಂಜಲ ಕೊಟ್ಟೀನ್ರಿ. ಅವತ್ತಿಂದ ಹಿಂಗೇ ಉಣತಾನ."

ಸೂಗಮ್ಮ ತನ್ನ ಕೈ ನೋಡಿಕೊಂಡಳು. ಹಲ್ಲು ಪೂರ್ತಿ ಬಾರದ ಕೂಸಿಗೆ ಗಟ್ಟಿ ಜೋಳದ ರೊಟ್ಟಿಯನ್ನು ಅಗಿದು ಅಗಿದು ತಿನ್ನಿಸಿದ ಕೈ. ಹಲ್ಲು ಬಂದ ಮೇಲೂ ಮೊದಲ ತುತ್ತು ತಾನು ಕಚ್ಚಿ ಉಳಿದದ್ದನ್ನು ಅವನಿಗೆ ಕೊಡುವುದು ಹಾಗೇ ಉಳಿದಿತ್ತು. ಜಯದೇವಿಗೆ ಮನೆಯ ಒಂದೊಂದು ಮೊಳೆಯನ್ನೂ ತೋರಿಸಿದವಳಿಗೆ ಇದು ಹೊಳೆದೇ ಇರಲಿಲ್ಲ. ಜಯದೇವಿಯೂ ಕಂಡಿದ್ದಳಂತೆ, ಸೋದರತ್ತೆ ಹಸಿದು ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಯಾರಾದರೂ ಎಂಜಲನ್ನು ಪಾಠವೆಂದು ಕಲಿಯುತ್ತಾರೆಯೇ?

"ತಪ್ಪಲ್ಲ ಬಿಡು. ನಾ ಸಾಯದಿದ್ರ ಇದು ಯಾರಿಗೂ ತಿಳೀತಿರಲಿಲ್ಲ," ಎಂದು ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಹೊತ್ತಿಗೊಬ್ಬರಂತೆ ಇಬ್ಬರೂ ಉಣಿಸಿದರು.

ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ಊರೂರಿಗೆ ಬಂದ ಜ್ವರದಲ್ಲಿ ಸೂಗಮ್ಮ ಹೋದಳು. ಮುಂಜಾನೆ ಮೈ ಬಿಸಿ ಎಂದಳು, ಮರುದಿನ ಮಾತಿಲ್ಲ. ಮಣ್ಣು ಮಾಡಿ ಬಂದ ಮೇಲೆ ಒಲೆ ಹೊತ್ತಿಸದ ಮನೆಗೆ ನೆರೆಯವರು ರೊಟ್ಟಿ ತಂದಿಟ್ಟರು. ಮಾಣಿಕಪ್ಪ ತಾಟು ಸರಿಸಿದ. ಬಂದವರು ಯಾರೂ ಮುಟ್ಟಲಿಲ್ಲ. ನೀಲಕಂಠ ಗೋಡೆಗೆ ಒರಗಿ 'ವೈನಿ, ವೈನಿ' ಎನ್ನುತ್ತಿದ್ದ.

ಜಯದೇವಿ ಕಣ್ಣೊರೆಸಿಕೊಂಡು ಎದ್ದು ಅವನ ಮುಂದೆ ಕೂತು ರೊಟ್ಟಿ ಮುರಿದಳು. ಹೆಣ ಹೋದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವವಳನ್ನು ನೋಡಿ ಹೆಂಗಸರು ಮುಖ ಮುಖ ನೋಡಿಕೊಂಡರು. ತುತ್ತು ಇಳಿಯಲೊಲ್ಲದು, ಅವಳು ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಕಚ್ಚಿದ ರೊಟ್ಟಿಯನ್ನು ಅವನ ಮುಂದೆ ಹಿಡಿದು, "ನೀಲೂ," ಎಂದಳು.

ಅವನು ಬಾಯಿ ತೆರೆದ.