ಕೂಗದೆ ಹೊರಡದ ಗಾಡಿ

ಕಲ್ಯಾಣದುರ್ಗಕ್ಕೆ ಆಗ ರೈಲಿರಲಿಲ್ಲ. ಮೂವತ್ತು ವರ್ಷ ಹಿಂದೂಪುರದ ಮೇಲೆ ಹಾಯುವ ಮಾರ್ಗದಲ್ಲಿ ಉಗಿಬಂಡಿ ಓಡಿಸಿದ ನನ್ನ ಅಣ್ಣ, ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ, ಬಂದು ಸೇರಿದ್ದು ರೈಲಿನ ಸದ್ದೇ ಕೇಳದ ಈ ಊರಿಗೆ. ಅತ್ತಿಗೆ ತೀರಿಕೊಂಡಿದ್ದರು, ನನ್ನ ಮನೆಯಲ್ಲದೆ ಅವನಿಗೆ ಬೇರೆ ಮನೆಯಿರಲಿಲ್ಲ. ನಾನೂ ಆಗತಾನೇ ಶಾಲೆ ಬಿಟ್ಟಿದ್ದೆ. ಇಪ್ಪತ್ತೈದು ವರ್ಷ ವ್ಯಾಕರಣ ಒದರಿದ ಗಂಟಲು ಕೈಕೊಟ್ಟು, ಅವಧಿಗೆ ಮುಂಚೆ ನಿವೃತ್ತಿ ಪಡೆದಿದ್ದೆ. ಹೀಗೆ ಕೈ ಸೋತವನೊಬ್ಬ, ಗಂಟಲು ಸೋತವನೊಬ್ಬ ಎದುರುಬದುರು ಕುಳಿತು ಹಗಲು ಕಳೆಯುತ್ತಿದ್ದೆವು.

ವೈದ್ಯರ ಮಾತು ಸ್ಪಷ್ಟವಾಗಿತ್ತು: ಬಲಗೈಯನ್ನು ದಿನವೂ ಯಾವುದಾದರೂ ಕೆಲಸಕ್ಕೆ ಹಚ್ಚಬೇಕು, ನಾಲ್ಕು ತಿಂಗಳು ಹಾಗೆಯೇ ಬಿಟ್ಟರೆ ಅದು ಇನ್ನೆಂದಿಗೂ ಏಳದು. ರಬ್ಬರ್ ಚೆಂಡು ತಂದುಕೊಟ್ಟೆ, ಎಡಗೈಯಿಂದ ಎಸೆದ. ನನ್ನ ಹೆಂಡತಿ ಮೊರದಲ್ಲಿ ಹುಣಸೆಬೀಜ ಹಾಕಿ, ಒಂದೊಂದಾಗಿ ಆರಿಸಿ ಎಂದು ಮುಂದಿಟ್ಟಳು.

“ನಾನೇನು ಹುಣಸೆ ಮಂಡಿಯಾಗೆ ಕೂಲಿಗೆ ಬಂದಿವ್ನೇನಮ್ಮ?” ಎಂದು ಮೊರವನ್ನು ತಳ್ಳಿದ. ಎರಡು ತಿಂಗಳು ಹೀಗೆಯೇ ಹೋದವು.

ಆಗ ಒಂದು ಪಾರ್ಸೆಲ್ ಅಣ್ಣನ ಹಿಂದೂಪುರದ ಹಳೆಯ ವಿಳಾಸಕ್ಕೆ ಬಂದು, ಅಲ್ಲಿಂದ ನಮ್ಮ ಮನೆ ತಲುಪಿತು. ಎಪ್ಪತ್ತರ ದಶಕದಲ್ಲಿ ಒಬ್ಬ ವಿದೇಶೀಯ ಹಿಂದೂಪುರದ ಪ್ಲಾಟ್‌ಫಾರಂನಲ್ಲಿ ಮೂರು ದಿನ ಬಿಸಿಲು ಕುಡಿಯುತ್ತ ಉಗಿಬಂಡಿಗಳ ಚಿತ್ರ ತೆಗೆದಿದ್ದ. ಅಣ್ಣ ತನ್ನ ಬುತ್ತಿಯ ಮುದ್ದೆಯನ್ನು ಅವನೊಂದಿಗೆ ಹಂಚಿಕೊಂಡಿದ್ದ. ಅಂದಿನಿಂದ ವರ್ಷಕ್ಕೊಂದು ಅವನ ಶುಭಾಶಯ ಪತ್ರ ಬರುತ್ತಿತ್ತು. ಈ ಸಲ ಅದರ ಜೊತೆಗೆ ಒಂದೂವರೆ ಗೇಣುದ್ದದ ಆಟದ ಎಂಜಿನ್ ಬಂದಿತ್ತು. ಜೊತೆಗೆ ವೃತ್ತಾಕಾರವಾಗಿ ಜೋಡಿಸುವ ಹಳಿಗಳಿದ್ದವು. ಎಂಜಿನ್ನಿನ ಹೊಟ್ಟೆಯಲ್ಲಿ ರೂಪಾಯಿಯಷ್ಟಗಲದ ಸ್ಪೀಕರ್; ಉಗಿಯ ಸದ್ದು, ಕೂಗು, ಗಂಟೆ, ಕಲ್ಲಿದ್ದಲು ಎತ್ತುವ ಸಪ್ಪಳ ಎಲ್ಲವೂ ಅದರೊಳಗೇ ಇದ್ದವು. ಇಲ್ಲದ್ದು ಒಂದೇ, ಅದನ್ನು ನಡೆಸುವ ಕಂಟ್ರೋಲರ್. ನಮ್ಮ ದೇಶದ ವಿದ್ಯುತ್ತಿನ ಅಳತೆ ಬೇರೆ, ಸೂಕ್ತವಾದ ಕಂಟ್ರೋಲರನ್ನು ಅಲ್ಲಿಯೇ ಕೊಳ್ಳಿ ಎಂದು ಬರೆದಿದ್ದ. ಯಾವುದಕ್ಕೆ ಸೂಕ್ತವೆಂಬುದನ್ನು ಹೇಳದೆ ಬರಿದೆ ಸೂಕ್ತವೆಂದು ಬರೆದ ಉತ್ತರಕ್ಕೆ ನಾನು ಎಂದೂ ಅರ್ಧ ಅಂಕವನ್ನು ಕೂಡ ಕೊಟ್ಟವನಲ್ಲ.

ಆದರೆ ಪೆಟ್ಟಿಗೆ ಬಿಚ್ಚಿದಾಗ ಅಣ್ಣನ ಬಲಗೈ ಶಾಲಿನೊಳಗಿಂದ ತಾನಾಗಿ ಒಂದಿಷ್ಟು ಮುಂದೆ ಬಂದಿತ್ತು. ಅದನ್ನು ನಾನೂ ನನ್ನ ಹೆಂಡತಿಯೂ ನೋಡಿದೆವು.

ಬಸ್‌ಸ್ಟಾಂಡಿನ ಹತ್ತಿರದ ರೇಡಿಯೋ ರಿಪೇರಿಯವನಲ್ಲಿಗೆ ಹೋದೆ. ಅವನು ಬ್ಯಾಟರಿಯ ಬದಲು ಗೋಡೆಯ ಕರೆಂಟಿಗೆ ಹಚ್ಚುವ ಎಲಿಮಿನೇಟರ್ ಒಂದನ್ನು ಮುಂದಿಟ್ಟು, ತೆಲುಗು ಬೆರೆತ ತನ್ನ ಕನ್ನಡದಲ್ಲಿ ಕೇಳಿದ: “ಇದು ಸಾಲ್ದಾ ಸಾರ್? ಟ್ರಾನ್ಸಿಸ್ಟರೇ ಇದ್ರಾಗೆ ಹಾಡ್ತೈತೆ, ಮೀ ಬಂಡಿ ಹಾಡಕಿಲ್ವಾ?”

ಮನೆಯ ಪಡಸಾಲೆಯಲ್ಲಿ ಹಳಿ ಜೋಡಿಸಿ, ಅದಕ್ಕೆ ಎಲಿಮಿನೇಟರಿನ ತಂತಿ ಕಟ್ಟಿದೆ. ಮೂರು ವೋಲ್ಟಿಗೆ ಎಂಜಿನ್ ಮೌನವಾಗಿ ನಿಂತಿತ್ತು. ಆರಕ್ಕೆ ತಿರುಗಿಸಿದೆ. ದಡಕ್ಕನೆ ಹೊರಟು, ಕಾಲು ಸುತ್ತು ಓಡಿ, ಆಮೇಲೆ ಬುಸುಗುಟ್ಟಿ ಕೂಗಿತು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು.

“ನಿಲ್ಸ್ಲಾ ಅದ್ನ!” ಎಂದು ಅಣ್ಣ ಅರಚಿದ. “ಕೂಗ್ದಲೇ ಎತ್ತಿದ್ಯಲ್ಲೋ ಗಾಡೀನ! ಲೈನ್ ಮ್ಯಾಲೆ ಗ್ಯಾಂಗ್‌ಮನ್ ಬಗ್ಗಿದ್ದಿದ್ರೆ?”

“ಇದು ಆಟಿಕೆ ಕಣಣ್ಣ.”

“ಆಟಿಕೆ ಆದ್ರೆ ಬೀದಿ ಮಕ್ಕಳಿಗೆ ಕೊಟ್ಬುಡು. ಮೊದ್ಲು ಕೂಗು, ಆಮ್ಯಾಕೆ ಗಾಡಿ. ಮೂವತ್ತು ವರ್ಸದಾಗೆ ಒಂದಿನ ತಪ್ಪಿದ್ರೆ ಕೇಳು. ನಾನು ಮುಟ್ಟಾಕಿಲ್ಲ.”

ಬಲಗೈ ಮತ್ತೆ ಶಾಲಿನೊಳಗೆ ಹೋಯಿತು.

ತಪ್ಪು ಎಂಜಿನ್ನಿನದಲ್ಲ ಎಂಬುದು ಅದರ ಕೈಪಿಡಿಯನ್ನು ಮೂರು ಸಲ ಓದಿದ ಮೇಲೆ ತಿಳಿಯಿತು. ಎಲಿಮಿನೇಟರಿನಲ್ಲಿ ಓಟಕ್ಕೂ ದನಿಗೂ ಒಂದೇ ಕರೆಂಟು. ದನಿ ಏಳುವಷ್ಟು ಕರೆಂಟು ಕೊಡುವ ಹೊತ್ತಿಗೆ ಗಾಲಿ ತಿರುಗಿಬಿಟ್ಟಿರುತ್ತದೆ. ಗಾಲಿ ನಿಂತರೆ ದನಿಯೂ ಸತ್ತಿರುತ್ತದೆ. ಇದನ್ನು ರಿಪೇರಿಯವನಿಗೆ ವಿವರಿಸಿದೆ. ಅವನು ಫ್ಯಾನಿನ ರೆಗ್ಯುಲೇಟರ್ ಸೇರಿಸಿ ಏನೋ ಒಂದನ್ನು ಕಟ್ಟಿ, ಪರೀಕ್ಷಿಸಲು ತಾನೇ ಮನೆಗೆ ಬಂದ. ಎಂಜಿನ್ ಗುರುಗುಟ್ಟಿತು, ಬಿಸಿಯಾಯಿತು, ಸುಟ್ಟ ವಾಸನೆ ಬಂತು.

“ತೀಯಂಡಿ ಸಾರ್, ತೀಯಂಡಿ! ತೆಗೀರಿ, ಸುಟ್ಟೋಯ್ತದೆ!” ಎಂದು ಅವನೇ ತಂತಿ ಕಿತ್ತ. ಬೆವರು ಒರೆಸಿಕೊಂಡು, “ಬೆಂಗ್ಳೂರ್ಗೇ ಹೋಗಿ ಸಾರ್. ನನ್ ಕೈಯಾಗೆ ಅದ್ರ ಪಾಪ ಬ್ಯಾಡ,” ಎಂದ.

ಬೆಂಗಳೂರಿಗೆ ಹೊರಡುವ ಮುನ್ನ ನೋಟುಪುಸ್ತಕದಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿಕೊಂಡೆ. ಎಂಜಿನ್ನಿಗೆ ಬೇಕಾದ ವೋಲ್ಟೇಜು, ಅದು ಕುಡಿಯುವ ಕರೆಂಟು, ಅದಕ್ಕೆ ಅರ್ಥವಾಗುವ ಆಜ್ಞೆಯ ಪದ್ಧತಿ, ಅದು ಹೊರಡಿಸಬಲ್ಲ ಸದ್ದುಗಳು, ಎಲ್ಲಕ್ಕೂ ಒಂದೊಂದು ಅಂಕಣ. ಬಸ್ಸಿನಲ್ಲಿ ಹಿಂದೂಪುರಕ್ಕೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ಅಲ್ಲಿ ಮಹಡಿಯೊಂದರ ಮೇಲೆ ಆಟದ ರೈಲುಗಳ ಅಂಗಡಿ ಇಟ್ಟಿದ್ದವನು ನನ್ನ ಕೋಷ್ಟಕವನ್ನು ಓದಿ ಮೆಚ್ಚಿಕೊಂಡ. ತುಂಬ ದಿನದ ಮೇಲೆ ಸಿಕ್ಕ ಮೆಚ್ಚುಗೆ. ನಾನು ಸ್ವಲ್ಪ ನೆಟ್ಟಗೆ ಕುಳಿತಿರಬೇಕು.

“ನಿಮಗೆ ಬೇಕಾದ್ದು ಡಿಜಿಟಲ್ ಸಾರ್,” ಎಂದ. “ಹಳೀಲಿ ಕರೆಂಟ್ ಯಾವಾಗ್ಲೂ ಫುಲ್ ಇರುತ್ತೆ. ಹೋಗು, ನಿಲ್ಲು, ಕೂಗು ಅನ್ನೋದನ್ನ ಬೇರೆಬೇರೆಯಾಗಿ ಹೇಳ್ತೀವಿ. ನಿಂತ ಗಾಡೀನೂ ಕೂಗುತ್ತೆ. ಆದ್ರೆ ಕಂಟ್ರೋಲರು, ಎಂಜಿನ್ನು ಎರಡೂ ಒಂದೇ ಪದ್ಧತಿಯವಾಗಿರ್ಬೇಕು.”

ಎಂಜಿನ್ನಿನ ಪದ್ಧತಿಗೆ ಹೊಂದುವಂಥವು ಅವನಲ್ಲಿ ಎರಡಿದ್ದವು. ಒಂದು ಅಂಗೈಯಲ್ಲಿ ಹಿಡಿಯುವಂಥದು. ಅದರ ಮೈತುಂಬ ಕಡಲೆಕಾಳಿನಂಥ ಗುಂಡಿಗಳು. ಎಂಜಿನ್ನಿನ ಸದ್ದುಗಳನ್ನೆಲ್ಲ ಹೊರಡಿಸುತ್ತಿತ್ತು. ಇನ್ನೊಂದು ಯಾರೋ ಬಳಸಿ ಮಾರಿದ್ದು. ಇಟ್ಟಿಗೆಯಷ್ಟು ಭಾರ, ಮೇಲೊಂದು ದಪ್ಪ ತಿರುಗುಗುಬುಟು, ಪಕ್ಕದಲ್ಲಿ ಕೂಗಿಗೊಂದೇ ಗುಂಡಿ. ಗಂಟೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ.

“ಯಾರಿಗೆ ಸಾರ್ ಇದು?”

“ನಮ್ಮಣ್ಣನಿಗೆ,” ಎಂದೆ. ಅಷ್ಟೇ ಹೇಳಿದೆ. ಕೋಷ್ಟಕದ ಅಂಕಣಗಳನ್ನೆಲ್ಲ ತುಂಬಿದ್ದು ಮೊದಲನೆಯದು. ಅದನ್ನೇ ತಂದೆ.

ಹಳಿಗೆ ಜೋಡಿಸಿದಾಗ ಎಂಜಿನ್ ಕದಲಲಿಲ್ಲ. ನಿಂತಲ್ಲಿಯೇ ಮೆಲ್ಲಗೆ ಬುಸ್ ಎನ್ನತೊಡಗಿತು. ಅಣ್ಣ ಕುರ್ಚಿಯಿಂದ ಬಗ್ಗಿ ಕಿವಿಗೊಟ್ಟ.

“ಉಸಿರಾಡ್ತಾ ಐತೆ ಕಣ್ಲಾ,” ಎಂದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

ಕಂಟ್ರೋಲರನ್ನು ಅವನ ಬಲಗೈಗೆ ಇಟ್ಟೆ. ಮರಗಟ್ಟಿದ ಹೆಬ್ಬೆರಳು ಒಂದು ಗುಂಡಿಯ ಮೇಲೆ ಇಳಿಯಲಾರದೆ ಮೂರರ ಮೇಲೆ ಇಳಿಯಿತು. ಗಂಟೆ ಬಡಿಯಿತು, ಕಲ್ಲಿದ್ದಲು ಸುರಿಯಿತು, ಗಾಡಿ ಹಿಂದಕ್ಕೆ ಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅದು ಕೈಯಿಂದ ಜಾರಿ ತೊಡೆಯ ಮೇಲೆ ಬಿತ್ತು.

“ಮೇಷ್ಟ್ರೇ,” ಎಂದ ಅಣ್ಣ, ಅದನ್ನು ಎಡಗೈಯಿಂದ ನನ್ನತ್ತ ತಳ್ಳುತ್ತ, “ಎಂಜಿನ್‌ಗೆ ಏನೇನ್ ಬೇಕೂಂತ ಬರ್ಕಂಡ್ ಹೋಗಿದ್ದೆ. ಡ್ರೈವರ್‌ನ ಒಂದ್ಮಾತು ಕೇಳಿದ್ಯಾ?”

ಕೇಳಿರಲಿಲ್ಲ. ಆ ಕೈಗಾಗಿಯೇ ಹೊರಟವನು ಆ ಕೈಗೊಂದು ಅಂಕಣ ಹಾಕಿರಲಿಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ, ಪ್ರಶ್ನೆಯನ್ನೇ ಓದದೆ ಬರೆದ ಸುಂದರ ಉತ್ತರಗಳ ಮೇಲೆ ನಾನು ಎಳೆದ ಕೆಂಪುಗೆರೆಗಳು ನೆನಪಾದವು. ವೈದ್ಯರು ಹೇಳಿದ ನಾಲ್ಕು ತಿಂಗಳಿಗೆ ಇನ್ನು ಹದಿನೈದು ದಿನ ಉಳಿದಿತ್ತು.

ಮತ್ತೆ ಅದೇ ಬಸ್ಸು, ಅದೇ ರೈಲು, ಅದೇ ಮಹಡಿ. ಮಂಡಿ ನೋಯುತ್ತಿತ್ತು. ಅಂಗಡಿಯವನು ನನ್ನ ಮಾತು ಕೇಳಿ, “ಮೊದ್ಲೇ ಹೇಳ್ಬಾರ್ದಾಗಿತ್ತಾ ಸಾರ್?” ಎಂದು ಬದಲಾಯಿಸಿ ಕೊಟ್ಟ. ಆ ಇಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದೂಪುರದಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕುತ್ತ ಬಂದೆ. ಎಂಜಿನ್ನಿನ ಬಗ್ಗೆ ನನಗೆ ಯಾವ ಕುತೂಹಲವೂ ಉಳಿದಿರಲಿಲ್ಲ.

ದಪ್ಪ ಗುಬುಟು ಅಣ್ಣನ ಅಂಗೈಗೆ ಸರಿಯಾಗಿ ಕೂತಿತು. ಆದರೆ ಬಲಗೈ ಜಾರದಂತೆ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿಯಬೇಕಾಗಿತ್ತು. ಕೂಗಿನ ಗುಂಡಿ ಒತ್ತಲು ಮತ್ತೊಂದು ಕೈಯಿಲ್ಲ.

“ನೀನು ಕೂಗ್ಸು,” ಎಂದ.

ಒತ್ತಿದೆ. ಪಡಸಾಲೆ ತುಂಬುವಂತೆ ಉದ್ದನೆಯ ಕೂಗು. ಅಣ್ಣ ಅದು ಮುಗಿಯುವವರೆಗೂ ಕಾದ. ಆಮೇಲೆ ಗುಬುಟು ಗೋಧಿಕಾಳಿನಷ್ಟು ತಿರುಗಿತು, ಗಾಡಿ ಹೊರಟಿತು.

ಅಂದಿನಿಂದ ದಿನವೂ ಕಾಫಿಯಾದ ಮೇಲೆ ನನಗೆ ಈ ನೌಕರಿ. ಬೇಗ ಕೂಗಿಸಿದರೆ ಬೈಗುಳ, ತಡವಾದರೆ ಬೈಗುಳ, ಚಿಕ್ಕದಾದರೆ ಮತ್ತೂ ಬೈಗುಳ. ಬಗ್ಗಿ ಬಗ್ಗಿ ಸೊಂಟ ಸೋತಿತು. ಬೇಸರವಾಗಿ ಒಂದು ಸಂಜೆ ತೂಕಡಿಸಿದೆ. ಪ್ರತಿ ಸುತ್ತಿಗೂ ಒಂದು ಕೂಗು ಎಂಬುದು ಅಣ್ಣನ ನಿಯಮ, ಗಾಡಿ ಸುತ್ತು ಮುಗಿಸಿದರೂ ನಾನು ಕೂಗಿಸಲಿಲ್ಲ.

“ಏನ್ಲಾ, ನಿದ್ದೆ ಹೊಡೀತಿದ್ದೀಯ? ಇಂಥೋನ್ನ ನನ್ನ ಗಾಡಿ ಹತ್ತುಸ್ತಾನೂ ಇರ್ಲಿಲ್ಲ ಕಣ್ಲಾ ನಾನು!”

ತಲೆಯೆತ್ತಿ ನೋಡಿದೆ. ಬೈಯುವ ರಭಸಕ್ಕೆ ಅವನ ಎಡಗೈ ನನ್ನ ಮುಖದ ಮುಂದೆ ಆಡುತ್ತಿತ್ತು. ಬಲಗೈಯೊಂದೇ ಗುಬುಟಿನ ಮೇಲಿತ್ತು, ಜಾರಿರಲಿಲ್ಲ. ಗಾಡಿ ನಿಂತಿರಲಿಲ್ಲ.

ಅವನು ಗಮನಿಸಿರಲಿಲ್ಲ. ನಾನೂ ಹೇಳಲಿಲ್ಲ, ಹೇಳಿದರೆ ನೋಡಿಕೊಂಡಾನು, ನೋಡಿಕೊಂಡರೆ ಮತ್ತೆ ಎಡಗೈಯಿಂದ ಹಿಡಿದುಕೊಂಡಾನು. “ತಪ್ಪಾಯ್ತು,” ಎಂದು ಬಗ್ಗಿ ಗುಂಡಿ ಒತ್ತಿದೆ.