ಗಿರಿಜತ್ತೆಯ ದನಿ

ದಾವಣಗೆರೆಯ ಟಾಕೀಸುಗಳಲ್ಲಿ ಹೆಂಗಸರಿಗೆ ಬೇರೆ ಸಾಲು ಇದ್ದ ಕಾಲ ಅದು. ಇಂಟರ್‌ವಲ್ಲಿಗೆ ಬಾಗಿಲು ತೆಗೆದರೆ ಮಿರ್ಚಿ ಕರಿಯುವ ವಾಸನೆ ಒಳಗೇ ನುಗ್ಗುತ್ತಿತ್ತು. ಆ ಬೇಸಿಗೆ ನಮ್ಮ ಮನೆಯಲ್ಲಿ ಒಂದೇ ಮಾತು: ಗಿರಿಜತ್ತೆಯ ಸಿನಿಮಾ ಬಂತು.

ಗಿರಿಜತ್ತೆ ಅಪ್ಪನ ತಂಗಿ, ನಾಟಕ ಕಂಪನಿಯ ನಟಿ. ಕೊಂಚ ಒರಟು ದನಿ. ಮೈಕು ಕೆಟ್ಟರೂ ಕೊನೆಯ ಸಾಲಿಗೆ ಕೇಳುತ್ತಿತ್ತು. ಹಿಂದಿನ ವರ್ಷ ಹರಿಹರದ ಹೊಳೆ ದಂಡೆಗೆ ಶೂಟಿಂಗಿಗೆ ಬಂದಿದ್ದವರು, ಒಂದೇ ಮನೆಯ ಆರು ಹೆಂಗಸರ ಕಥೆಯಲ್ಲಿ ಅವಳಿಗೆ ಮೂರನೆಯ ಸೊಸೆಯ ಪಾತ್ರ ಕೊಟ್ಟಿದ್ದರು. ಮಗ ಹೊಳೆಯಲ್ಲಿ ಮುಳುಗಿ ಹೋದ ಮೇಲೂ ದಂಡೆಯಲ್ಲಿ ಕೂತು ಅವನನ್ನು ಕರೆಯುವ ತಾಯಿ.

"ಏ ಬಸ್ಯಾ, ಬಾರೋ ಮನಿಗೆ. ರೊಟ್ಟಿ ಆರಿ ಹೋಗ್ತಾವು" ಎಂದು ಅವಳು ಕರೆದಾಗ, ನೋಡಲು ಹೋಗಿದ್ದ ನಾವಷ್ಟೇ ಅಲ್ಲ, ಲೈಟು ಹಿಡಿದವರೂ ಕಣ್ಣೊರೆಸಿಕೊಳ್ಳಲು ಮುಖ ತಿರುಗಿಸಿಕೊಂಡಿದ್ದರು. ಆಮೇಲೆ ಎಷ್ಟೋ ದಿನ ನಾವು ಹುಡುಗಿಯರು ಮಾಳಿಗೆಯ ಮೇಲೆ ಅದೇ ಆಟ ಆಡಿದೆವು. ನಾಯಕಿಯಾಗಲು ಯಾರೂ ಒಪ್ಪುತ್ತಿರಲಿಲ್ಲ. ಎಲ್ಲರಿಗೂ ಗಿರಿಜತ್ತೆಯೇ ಆಗಬೇಕು.

ಟಾಕೀಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ಆ ಸಿನಿಮಾದ ನಾಯಕಿಯ ಮುಖ ನನಗೀಗ ನೆನಪಿಲ್ಲ. ಎಲೆಯಡಿಕೆ ಮೆಲ್ಲುತ್ತಲೇ ಸೊಸೆಯರನ್ನೆಲ್ಲ ನಡುಗಿಸುವ ಅತ್ತೆ, ಒಲೆಗೆ ಮುಖ ಮಾಡಿ ಒಬ್ಬಳೇ ನಗುವ ಕಿರಿಸೊಸೆ, ಇವರು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ.

ಹೊಳೆ ದಂಡೆ ಬಂತು. ಗಿರಿಜತ್ತೆ ಬಾಯಿ ತೆರೆದಳು.

"ಕಂದಾ, ಎಲ್ಲಿರುವೆಯೋ..."

ತೆಳ್ಳನೆಯ, ಸಕ್ಕರೆಯಂಥ ದನಿ. ಯಾರದೋ.

"ಅತ್ತೆ, ಇದು ನಿನ್ ದನಿ ಅಲ್ಲಲ್ಲ?"

"ಸುಮ್ಕಿರು."

ಹಿಂದಿನ ಸಾಲಿನ ಹೆಂಗಸರು ಬಿಕ್ಕುತ್ತಿದ್ದರು. ಹೊರಗೆ ಮುಖ ಗುರುತಿಸಿದವರೊಬ್ಬರು ಅವಳ ಕೈ ಹಿಡಿದು, "ಅಳಿಸಿಬಿಟ್ರಿ ನೋಡ್ರಿ. ದನಿನೂ ಏನ್ ಇಂಪು ಐತ್ರೀ!" ಎಂದರು. ಗಿರಿಜತ್ತೆ ಮೆಲ್ಲನೆ ಕೈ ಬಿಡಿಸಿಕೊಂಡಳು.

ಮನೆಯಲ್ಲಿ ಅಪ್ಪ ಕೇಳಿದ: "ನಿನಗ ಒಂದು ಮಾತು ಹೇಳಲಿಲ್ಲೇನು?"

"ಸಿನಿಮಾಕ್ಕ ಮಾತು ಕೂಡ್ಸಾಕ ಮದ್ರಾಸಿಗೆ ಕರೆಸ್ತೀವಿ ಅಂದಿದ್ರು. ದಾರಿ ನೋಡಿದೆ. ಕರೀಲಿಲ್ಲ ಅಣ್ಣ."

ಅಷ್ಟಕ್ಕೇ ಮುಗಿಯಲಿಲ್ಲ. ಸಿನಿಮಾ ನೋಡಿದ ಜನ ಅವಳ ನಾಟಕಕ್ಕೂ ಬಂದರು. ಅವಳು ಮೊದಲ ಮಾತು ಆಡುತ್ತಲೇ ಯಾವನೋ ಕೂಗಿದ: "ಇದು ಬ್ಯಾಡವ್ವಾ, ಸಿನಿಮಾದ್ ದನಿ ತೆಗಿ!" ಜನ ಸಿಳ್ಳೆ ಹೊಡೆದು ನಕ್ಕರು. ಪಾತ್ರ ಮುಗಿಸಿಯೇ ಅವಳು ಬಣ್ಣ ತೊಳೆದುಕೊಂಡಳು. ಮತ್ತೆಂದೂ ಹಚ್ಚಲಿಲ್ಲ. ಊರಂಚಿನ ಆವರಗೆರೆಯಲ್ಲಿ ಮನೆ ಹಿಡಿದು ಮಂಡಕ್ಕಿ ಹುರಿಯುವ ಭಟ್ಟಿಯ ಕೆಲಸಕ್ಕೆ ಹೋದಳು. ಅಲ್ಲಿಯ ಹೊಗೆ, ಕಾದ ಮರಳಿನ ಧೂಳು ಕುಡಿದು ಉಳಿದ ದನಿಯೂ ಒಡೆಯಿತು. ಅವಳು ಸತ್ತಾಗ ಕಂಪನಿಯೂ ಇರಲಿಲ್ಲ.

ಈಗ ಆ ಸಿನಿಮಾ ಫೋನಿನಲ್ಲೇ ಸಿಗುತ್ತದೆ. ನಾಯಕಿಗಿಂತ ಉಳಿದ ಹೆಂಗಸರೇ ಚೆನ್ನ ಎಂದು ನೋಡಿದವರು ಕೆಳಗೆ ಬರೆಯುತ್ತಾರೆ. ಮೊನ್ನೆ ನನ್ನ ಮಗಳೂ ನೋಡಿ, "ಗಿರಿಜಜ್ಜಿ ಎಷ್ಟ್ ಚಂದ ಮಾಡ್ಯಾರಮ್ಮ! ದನಿ ಅವರದಲ್ಲ ಅಂತಿದ್ದೆಲ್ಲ, ನಿಜವಾದ ದನಿ ಹೆಂಗಿತ್ತು?" ಎಂದಳು.

ಗಿರಿಜತ್ತೆಯ ಹಾಗೆ ಕರೆದು ತೋರಿಸಲು ಹೋದೆ. ಮಾತು ಅವಳದೇ ಬಂತು, ಬಸ್ಯಾ ಎಂದೇ ಕರೆದೆ. ದನಿ ಮಾತ್ರ ಟಾಕೀಸಿನಲ್ಲಿ ಕೇಳಿದ್ದ ಆ ತೆಳ್ಳನೆಯ ದನಿ. ಮತ್ತೊಮ್ಮೆ ಪ್ರಯತ್ನಿಸಿದೆ. ಅದೇ ಬಂತು.