ಮುಂದಕ್ಕೆ ಚಾಚಿದ ಕಲ್ಲು

ನನ್ನ ಮಾವ, ಅಂದರೆ ಗಂಡನ ತಂದೆ, ಯಾರನ್ನೂ ನಂಬುವವರಲ್ಲ. ಹಾಲಿನವನು ಹಾಕಿದ ಹಾಲನ್ನು ಮೂಸುತ್ತಾರೆ, ಒಬ್ಬ ಡಾಕ್ಟರು ಬರೆದ ಗುಳಿಗೆಯನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ. ಸಾಂಗಲಿಯಲ್ಲಿ ಅರಿಸಿನದ ವ್ಯಾಪಾರ ಮಾಡಿದವರು. ಚೀಲದ ಬಾಯಲ್ಲಿ ಒಳ್ಳೆಯ ಮಾಲು, ತಳದಲ್ಲಿ ಕಸ ಎಂಬುದೇ ಅವರ ಲೋಕಜ್ಞಾನ. ಅವರ ಜೊತೆ ಇದ್ದು ಇದ್ದು ಆ ಸಂಶಯದ ರೋಗ ನನಗೂ ಅಂಟಿತು. ಅದೂ ಅವರ ಮೇಲೆಯೇ!

ಸಾಂಗಲಿಯ ವಿಶ್ರಾಮಬಾಗದ ನಮ್ಮ ಮನೆಯಲ್ಲಿ ನಾನು ಉಪ್ಪುನೀರಿನ ಮೀನಿನ ತೊಟ್ಟಿ ಇಟ್ಟಾಗ ಮಾವ ಮುಖ ಗಂಟು ಹಾಕಿಕೊಂಡಿದ್ದರು.

"ಲಿಂಗವಂತರ ಮನ್ಯಾಗ ಮೀನಾ?"

"ಸಾಕಾಕ ರೀ ಮಾವಾರ, ತಿನ್ನಾಕಲ್ಲ," ಎಂದೆ.

ಮಾತು ಅಲ್ಲಿಗೆ ನಿಂತಿತು. ಸಿಟ್ಟು ನಿಂತಿಲ್ಲ ಎಂದು ನಾನು ಒಳಗೇ ಲೆಕ್ಕ ಹಾಕಿದೆ.

ಅಂಥ ತೊಟ್ಟಿಗೆ ಕಲ್ಲೇ ಜೀವಾಳ. ತೂತು ತೂತಾದ ಸಮುದ್ರದ ಕಲ್ಲುಗಳನ್ನು ತರಿಸಿದೆ. ಮೊದಲು ಬಿಳಿ ಮರಳು ಹರಡಿ, ಅದರ ಮೇಲೆ ಕಲ್ಲು ಏರಿಸಿ, ನೀರಲ್ಲೂ ಗಟ್ಟಿಯಾಗುವ ಅಂಟಿನ ಪುಟ್ಟಿಯನ್ನು ಚಪಾತಿ ಹಿಟ್ಟಿನಂತೆ ನಾದಿ ಸಂದಿಗಳಿಗೆ ಒತ್ತಿದೆ. ಮೇಲ್ತುದಿಯ ದೊಡ್ಡ ಕಲ್ಲನ್ನು ಮಾತ್ರ ಅಂಟಿಸದೆ, ಮುಂದಿನ ಗಾಜಿನ ಕಡೆ ಚಾಚುವಂತೆ ಸುಮ್ಮನೆ ಕೂರಿಸಿದೆ. ಮುಂದೆ ಅದನ್ನೆತ್ತಿ ಹವಳ ಅಂಟಿಸುವ ಆಸೆ. ಒಂದನೇ ಇಯತ್ತೆ ಓದುವ ನನ್ನ ಮಗಳಂತೂ ಶಾಲೆಯಿಂದ ಬಂದವಳೇ ಆ ಗಾಜಿಗೆ ಬೆನ್ನು ಕೊಟ್ಟು, ಚಾಪೆಯ ಮೇಲೆ ಅಭ್ಯಾಸಕ್ಕೆ ಕೂರತೊಡಗಿದಳು.

ನಾನು ಮಿರಜಿನ ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ಬಂದು ನೋಡಿದರೆ ತುದಿಯ ಕಲ್ಲು ಹಿಂದಕ್ಕೆ ಸರಿದಿರುತ್ತಿತ್ತು. ಮುಂದಕ್ಕೆ ಎಳೆದಿಡುತ್ತಿದ್ದೆ. ಮರುದಿನ ಮತ್ತೆ ಹಿಂದಕ್ಕೆ! ಹೆಬ್ಬೆರಳಿನಷ್ಟಿರುವ ಮೀನು ಅಂಥ ಕಲ್ಲನ್ನು ದೂಡೀತೇ? ಗಂಡನಿಗೆ ತೊಟ್ಟಿಯ ಕಡೆ ನೋಡಲೂ ಪುರುಸೊತ್ತಿಲ್ಲ.

"ಮಾವಾರ, ಕಲ್ಲಿಗಿ ಕೈ ಹಚ್ಚೀರೇನು?"

"ನಾ ಯಾಕ ಹಚ್ಚಲಿ?" ಎಂದರು, ಪೇಪರಿನ ಮರೆಯಿಂದ.

ಒಗೆಯಲು ಹಾಕಿದ ಅವರ ಅಂಗಿಯ ಬಲತೋಳಿನಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಮೈಯೆಲ್ಲ ಉರಿಯಿತು. ಎದುರಿಗೆ ಬೈಯಲಾಗದೆ, ಬೆನ್ನ ಹಿಂದೆ ನನ್ನ ತೊಟ್ಟಿ ಹಾಳು ಮಾಡುತ್ತಿದ್ದಾರಲ್ಲ! ಕೈ ಹಾಕಿದಾಗಲೇ ಹಿಡಿಯಬೇಕೆಂದು ಒಂದು ದಿನ ಅರ್ಧ ರಜೆ ಹಾಕಿ ಬಂದುಬಿಟ್ಟೆ.

ಮಾವ ಮೊಳಕೈವರೆಗೆ ತೊಟ್ಟಿಯಲ್ಲಿ ಕೈ ಹಾಕಿ ನಿಂತಿದ್ದರು. ಕೆಳಗೆ ಚಾಪೆಯ ಮೇಲೆ ಮಗಳು ಏನೋ ಬರೆಯುತ್ತಿದ್ದಳು.

"ಕೈ ತಗೀರಿ ಮಾವಾರ!" ಎಂದು ಕಿರುಚಿದೆ.

ಅವರು ತಿರುಗಲಿಲ್ಲ. "ಮೊದ್ಲ ಕೂಸಿನ್ನ ಎಬ್ಬಸು," ಎಂದರು.

ಆ ದನಿಗೆ ಹೆದರಿ ಮಗಳನ್ನು ಎಳೆದುಕೊಂಡೆ. ಆಮೇಲೆ ಅವರು ಹಿಡಿತವನ್ನು ತುಸು ಸಡಿಲಿಸಿ ತೋರಿಸಿದರು. ತುದಿಯ ಕಲ್ಲಷ್ಟೇ ಅಲ್ಲ, ಇಡೀ ರಾಶಿಯೇ ಗಾಜಿನ ಕಡೆ ವಾಲಿತು. ಮೀನು ಬುಡದ ಮರಳನ್ನೆಲ್ಲ ತೋಡಿ ಹಾಕಿತ್ತು. ಓಡಿಹೋಗಿ ನಾನೂ ಕೈ ಹಾಕಿ ಹಿಡಿದೆ.

"ನಮ್ಮ ಗೋದಾಮಿನ್ಯಾಗ ಒಂದರ ಮ್ಯಾಲ ಒಂದು ಒಟ್ಟಿದ ಚೀಲದ ಥಪ್ಪಿ ಉಳ್ಳಿ ಬಿದ್ದಿತ್ತು," ಎಂದರು ಮಾವ. "ನನ್ನ ತಮ್ಮ ಅದಕ್ಕ ಬೆನ್ನ ಕೊಟ್ಟು ಉಣ್ಣಾಕ ಕುಂತಿದ್ದ. ಅವನ ಕಾಲು ಹೋಗಿದ್ದು ಹಂಗ."

ಗಂಡನ ಆ ಕುಂಟುವ ಕಾಕಾ ಸ್ಕೂಟರಿನಿಂದ ಬಿದ್ದಿರಬೇಕು ಎಂದುಕೊಂಡಿದ್ದೆ ನಾನು.

"ನನಗ ಹೇಳಬಾರದೇನ್ರಿ? ನನ್ನ ಮ್ಯಾಲ ನಂಬಿಗಿ ಇಲ್ಲೇನು?"

"ಹೇಳಿದ್ರ, ಮುದುಕಗ ಮೀನಿನ ಮ್ಯಾಲ ಸಿಟ್ಟು ಅಂತಿದ್ದಿ." ಉಸಿರು ಬಿಟ್ಟರು. "ನಿನ್ನ ಮ್ಯಾಲ ಐತಿ, ಯವ್ವಾ. ಥಪ್ಪಿ ಮ್ಯಾಲ ಇಲ್ಲ."

ಆ ವಾರ ಎಲ್ಲ ಕಲ್ಲು ತೆಗೆದು ಮತ್ತೆ ಕಟ್ಟಿದೆ. ಈ ಸಲ ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ನೇರ ಕಲ್ಲು. ಡ್ರಿಲ್ಲಿನಿಂದ ತೂತು ಕೊರೆದು ಒಳಗೆ ಫೈಬರ್ ಕಡ್ಡಿ, ಸಂದಿಗೆ ಪುಟ್ಟಿ. ತುದಿಯ ಕಲ್ಲಿಗೂ ಅಷ್ಟೇ. ಮರಳು ಕಡೆಗೆ. ಮಾವ ತೋಳು ಏರಿಸಿ ದೂಡಿ ನೋಡಿ, "ಈಗ ಆತು," ಎಂದರು. ಅವರ ಬಾಯಿಂದ ಹಿಂದೆಂದೂ ಅಂಥ ಮಾತು ಬಂದದ್ದು ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಮಿರಜಿಗೆ ಹೊರಡುವ ಮೊದಲು ನಾನೂ ಕೈ ಹಾಕಿ ಜೋರಾಗಿ ದೂಡಿದೆ. ಕಲ್ಲು ಅಲುಗಲಿಲ್ಲ. ಇನ್ನೊಮ್ಮೆ ದೂಡಿದೆ. ಅಲುಗಲಿಲ್ಲ. ಒದ್ದೆ ಕೈಯಲ್ಲೇ ಮಗಳ ಚಾಪೆ ಎತ್ತಿಕೊಂಡು ಹೋಗಿ ಆಚೆ ಗೋಡೆಯ ಬುಡಕ್ಕೆ ಹಾಸಿದೆ.